ಗಂಡ ಸಾಲ ಮುಚ್ಚಿಟ್ಟರು, ನಾನು ಚೀಟಿ ಮುಚ್ಚಿಟ್ಟೆ

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯ ಖಾಸಗಿ ಹೈಸ್ಕೂಲಲ್ಲಿ ಟೀಚರ್, ಸಂಬಳ 32 ಸಾವಿರ. ಮದುವೆಯಾಗಿ 9 ವರ್ಷ, ಒಬ್ಬಳು ಮಗಳು. ಮೂರು ವರ್ಷದ ಹಿಂದೆ 27 ಲಕ್ಷ ಸಾಲ ಮಾಡಿ ಮನೆ ತಗೊಂಡೆವು. ಮನೆ, ಸಾಲ ಎರಡೂ ಯಜಮಾನರ ಹೆಸರಲ್ಲಿದೆ. ಕಂತಿಗೆ ಅಂತ ತಿಂಗಳಿಗೆ 24 ಸಾವಿರ ನಾನು ಅವರ ಖಾತೆಗೆ ಹಾಕುತ್ತೇನೆ, ಮನೆ ಖರ್ಚು ಅವರದು. ಅವರ ಸಂಬಳ ಎಷ್ಟು ಅಂತ ಕೇಳಿದರೆ 'ಅದೆಲ್ಲ ನಿನಗ್ಯಾಕೆ, ನಾನು ನೋಡ್ಕೋತೀನಿ' ಅಂತಾರೆ. ಹೋದ ವಾರ ಅವರ ಫೋನಿಗೆ ಕಂತು ಬೌನ್ಸ್ ಆದ ಮೆಸೇಜ್ ಬಂತು. ನೋಡಿದರೆ ಮೈದುನನ ಮೊಬೈಲ್ ಅಂಗಡಿಗೆ 4 ಲಕ್ಷ ಪರ್ಸನಲ್ ಲೋನ್ ತೆಗೆದಿದ್ದಾರೆ! ನನಗೆ ಒಂದು ಮಾತೂ ಹೇಳಿಲ್ಲ. ಜಗಳ ಆಗಿ ಮಾತು ಬಿಟ್ಟಿದ್ದೇವೆ. ಆದರೆ ನಾನೂ ಅವರಿಗೆ ಗೊತ್ತಿಲ್ಲದ ಹಾಗೆ ಎರಡು ವರ್ಷದಿಂದ ತಿಂಗಳಿಗೆ 3 ಸಾವಿರ ಚೀಟಿ ಕಟ್ಟುತ್ತಿದ್ದೇನೆ. ಕಂತಿನ ದುಡ್ಡು ಕೊಡೋದು ನಿಲ್ಲಿಸಲಾ? ಚೀಟಿ ವಿಷಯ ಹೇಳಲಾ, ಬೇಡವಾ?
– ಹೆಸರು ಬೇಡ

ಉತ್ತರ: ಚೀಟಿ ವಿಷಯ ಹೇಳಿ. ಅವರಿಗೆ ಬೇರೆ ಕಡೆಯಿಂದ ಗೊತ್ತಾಗುವ ಮೊದಲೇ ಹೇಳಿ.

ಅವರ 4 ಲಕ್ಷದ ಸಾಲವೂ ನಿಮ್ಮ 3 ಸಾವಿರದ ಉಳಿತಾಯವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಸಾಲ ಇಡೀ ಮನೆ ಮೇಲೆ ಬೀಳುತ್ತೆ, ನಿಮ್ಮದು ಕಷ್ಟಕಾಲಕ್ಕಿರಲಿ ಅಂತ ಎತ್ತಿಟ್ಟಿದ್ದು. ಅದಕ್ಕೆ ನೀವು ಕ್ಷಮೆ ಕೇಳಬೇಕಾಗಿಯೂ ಇಲ್ಲ. ಆದರೆ ಮುಚ್ಚಿಟ್ಟ ಕಾರಣ ಇಬ್ಬರದೂ ಒಂದೇ ಅನ್ನಿಸುತ್ತೆ. ಹೇಳಿದರೆ ನೀವು ಬೇಡ ಅಂತೀರಿ ಅಂತ ಅವರಿಗೆ ಭಯ, ಹೇಳಿದರೆ ಆ ದುಡ್ಡೂ ಯಾವುದಕ್ಕೋ ಖರ್ಚಾಗಿ ಹೋಗುತ್ತೆ ಅಂತ ನಿಮಗೆ ಭಯ. ದುಡಿಯುವವರು ಇಬ್ಬರಿದ್ದೀರಿ, ಆದರೆ ನಿಮ್ಮ ಸಂಸಾರದಲ್ಲಿ ಇದು ನನ್ನ ದುಡ್ಡು, ಇದರ ಲೆಕ್ಕ ಯಾರಿಗೂ ಕೊಡಬೇಕಿಲ್ಲ ಅನ್ನುವಂಥ ಒಂದು ರೂಪಾಯಿಯೂ ಇಬ್ಬರಿಗೂ ಇಲ್ಲ. ಗುಟ್ಟು ಹುಟ್ಟುವುದೇ ಅಲ್ಲಿ.

ಕಂತು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಹಾಗನ್ನಿಸುವುದು ಸಹಜ. ಆದರೆ ಮೂರು ವರ್ಷದಲ್ಲಿ ನೀವು ಆಗಲೇ ಎಂಟೂವರೆ ಲಕ್ಷಕ್ಕೂ ಜಾಸ್ತಿ ಕಟ್ಟಿದ್ದೀರಿ. ಬಡ್ಡಿ 9 ಪರ್ಸೆಂಟ್ ಅಂತ ಇಟ್ಟುಕೊಂಡರೆ, ಮೊದಲ ತಿಂಗಳ 24 ಸಾವಿರದಲ್ಲಿ 20 ಸಾವಿರಕ್ಕೂ ಮೀರಿ ಬರೀ ಬಡ್ಡಿಗೇ ಹೋಗಿರುತ್ತೆ. ಶುರುವಿನ ವರ್ಷಗಳಲ್ಲಿ ಗೃಹಸಾಲ ಇರುವುದೇ ಹಾಗೆ. ಆ ಕಷ್ಟದ ಭಾಗವನ್ನು ಹೊತ್ತವರು ನೀವು. ಈಗ ಕೈಬಿಟ್ಟರೆ ಪೆಟ್ಟು ಬೀಳುವುದು ನಿಮ್ಮದೇ ಮನೆಗೆ.

ಕಂತು ನಿಲ್ಲಿಸುವ ಬದಲು ಮನೆಗೆ ನಿಮ್ಮ ಹೆಸರು ಸೇರಿಸುವ ಮಾತು ಎತ್ತಿ. ಎಷ್ಟೇ ಕಂತು ಕಟ್ಟಿದರೂ ಕಾಗದದಲ್ಲಿ ನೀವು ಮಾಲೀಕರಾಗುವುದಿಲ್ಲ. ಅವರು ತಮ್ಮ ಭಾಗವೊಂದನ್ನು ನಿಮಗೆ ದಾನಪತ್ರ ಮಾಡಿಕೊಡಬಹುದು. ಕರ್ನಾಟಕದಲ್ಲಿ ಹೆಂಡತಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಮನೆ ಅಡಮಾನದಲ್ಲಿರುವುದರಿಂದ ಬ್ಯಾಂಕಿನ ಒಪ್ಪಿಗೆ ಬೇಕು, ಇಬ್ಬರೂ ಹೋಗಿ ಕೇಳಿ. ಬ್ಯಾಂಕಿನವರು ಸಾಲಕ್ಕೂ ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ ಅನ್ನಬಹುದು. ಮನೆಗೆ ಹೆಸರು ಹಾಕದೆ ಸಾಲಕ್ಕೆ ಮಾತ್ರ ಸೇರಿಸುತ್ತೇವೆ ಅಂದರೆ ಸಹಿ ಹಾಕಬೇಡಿ. ಇದೆಲ್ಲ ಆಗುವವರೆಗೆ ಒಂದು ರೂಪಾಯಿಯನ್ನೂ ಕೈಯಲ್ಲಿ ಕೊಡಬೇಡಿ, ಬ್ಯಾಂಕಿನಿಂದಲೇ ಹಾಕಿ. ಹಾಕುವಾಗ ರಿಮಾರ್ಕ್ಸ್ ಅಂತ ಇರುತ್ತಲ್ಲ, ಅಲ್ಲಿ 'ಮನೆ ಕಂತು' ಅಂತ ಬರೆದು ತಿಂಗಳ ಹೆಸರು ಸೇರಿಸಿ. ಇದನ್ನು ಅವರಿಗೆ ಹೇಳಿಯೇ ಮಾಡಿ.

ಇನ್ನು ಮಾತುಕತೆ. ಅತ್ತೆ-ಮಾವನ ಮುಂದೆ ಬೇಡ, ಮಗಳ ಮುಂದೆ ಬೇಡ, ರಾತ್ರಿ ಸುಸ್ತಾಗಿ ಬಂದಾಗಲೂ ಬೇಡ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, ಮಗಳು ಆಟಕ್ಕೆ ಹೋದಾಗ ಕೂತುಕೊಳ್ಳಿ. ನಿಮ್ಮ ಪಾಸ್‌ಬುಕ್, ಸಂಬಳದ ಚೀಟಿ, ಚೀಟಿ ಕಟ್ಟಿದ ಪುಸ್ತಕ ಮೊದಲು ನೀವೇ ಟೇಬಲ್ ಮೇಲೆ ಇಡಿ. 'ಇದು ನನ್ನದು, ಎಲ್ಲಾ ಇಲ್ಲಿದೆ, ಈಗ ನಿಮ್ಮದು ತೋರಿಸಿ' ಅನ್ನಿ. ಯಾಕೆ ಸಾಲ ಮಾಡಿದಿರಿ ಅಂತ ಶುರು ಮಾಡಿದರೆ ಐದು ನಿಮಿಷದಲ್ಲಿ ಜಗಳ ಆಗುತ್ತೆ. ಕೇಳಬೇಕಾದ್ದು ಬೇರೆ: ಬಡ್ಡಿ ಎಷ್ಟು, ಇನ್ನೆಷ್ಟು ಕಂತು ಬಾಕಿ, ಅಂಗಡಿಯಿಂದ ಮೈದುನ ತಿಂಗಳಿಗೆ ಎಷ್ಟು ಕೊಡಬಲ್ಲ? 4 ಲಕ್ಷಕ್ಕೆ 14 ಪರ್ಸೆಂಟ್ ಬಡ್ಡಿ, ನಾಲ್ಕು ವರ್ಷ ಅಂದುಕೊಂಡರೂ ಕಂತು ಹತ್ತಿರ ಹತ್ತಿರ 10,900 ರೂಪಾಯಿ ಬರುತ್ತೆ. ಬಡ್ಡಿಯೇ ಹತ್ತಿರ ಹತ್ತಿರ ಒಂದೂಕಾಲು ಲಕ್ಷ ಆಗುತ್ತೆ. ಈ ಲೆಕ್ಕವನ್ನು ಮೈದುನನ ಮುಂದೂ ಇಡಿ, ಅದೂ ನಿಮ್ಮ ಯಜಮಾನರ ಬಾಯಲ್ಲೇ ಹೇಳಿಸಿ. ನೀವು ಹೇಳಿದರೆ ಅತ್ತಿಗೆ ದುಡ್ಡು ಕೇಳಿದಳು ಅನ್ನುವ ಮಾತೊಂದೇ ಊರಲ್ಲಿ ಉಳಿಯುತ್ತೆ.

ತಮ್ಮನಿಗೆ ಇನ್ನು ಕೊಡಲೇಬೇಡಿ ಅಂತ ಮಾತ್ರ ಹೇಳಬೇಡಿ. ಒಡಹುಟ್ಟಿದವನು ಬಂದು ಕೈಚಾಚಿದಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಬೇಡ ಅಂದರೆ ಕೊಡುವುದು ನಿಲ್ಲಲ್ಲ, ನಿಮಗೆ ಹೇಳುವುದು ನಿಲ್ಲುತ್ತೆ. ಅದರ ಬದಲು ಅವರ ಮನೆಗೆ ಇಷ್ಟು ಅಂತ ತಿಂಗಳಿಗೊಂದು ಮೊತ್ತ ಗೊತ್ತು ಮಾಡಿ. ನಿಮ್ಮ ತವರುಮನೆಗೂ ಅಷ್ಟೇ. ಹೆಣ್ಣುಮಕ್ಕಳು ಇದನ್ನು ಕೇಳಲು ಹಿಂಜರಿಯುತ್ತಾರೆ, ಆಮೇಲೆ ಅಮ್ಮನ ಔಷಧಿಗೂ ಕದ್ದು ದುಡ್ಡು ಕಳಿಸುವ ಹಾಗಾಗುತ್ತೆ. 10 ಸಾವಿರ ಮೀರಿದ ಕೈಸಾಲ ಕೊಡುವುದಿದ್ದರೆ, ಯಾರಿಗಾದರೂ ಜಾಮೀನು ಹಾಕುವುದಿದ್ದರೆ ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಜಾಮೀನು ಸಹಿ ಅಂದರೆ ಸುಮ್ನೆ ಸಾಕ್ಷಿ ಸಹಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲ ತಗೊಂಡವನು ಕಟ್ಟದಿದ್ದರೆ ಬ್ಯಾಂಕ್ ನೇರವಾಗಿ ನಿಮ್ಮ ಹತ್ತಿರವೇ ಬರುತ್ತೆ.

ಆಮೇಲೆ ಇಬ್ಬರಿಗೂ ತಿಂಗಳಿಗೆ ಮೂರು ಮೂರು ಸಾವಿರ ಕೈಖರ್ಚು ಇರಲಿ. ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ. ಅವರು ಅದನ್ನು ತಮ್ಮನಿಗೇ ಕೊಡಲಿ, ನೀವು ಸೀರೆಯನ್ನೇ ತಗೊಳ್ಳಿ. ಆಗ ನಿಮ್ಮ ಚೀಟಿಯನ್ನು ಮುಚ್ಚಿಡುವ ಅಗತ್ಯವೇ ಇರುವುದಿಲ್ಲ.

ಚೀಟಿ ನಡೆಸುವವರು ಯಾರು ಅಂತ ನೀವು ಬರೆದಿಲ್ಲ. ಬೀದಿಯಲ್ಲಿ ಪರಿಚಯದವರು ನಡೆಸುವ, ರಿಜಿಸ್ಟರ್ ಆಗದ ಚೀಟಿಯಾದರೆ ಇದು ಮುಗಿದ ಮೇಲೆ ಮತ್ತೆ ಸೇರಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ನಾಲ್ಕು ಜನ ಕಟ್ಟುವುದು ನಿಲ್ಲಿಸಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ. ಚೀಟಿಯೇ ಬೇಕು ಅಂದರೆ 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿ ಆಗಿರುವುದನ್ನು ನೋಡಿ ಸೇರಿ. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿ. ಚೀಟಿ ದುಡ್ಡು ಬಂದಾಗ ತಪ್ಪಾಯಿತು ಅನ್ನುವ ಭಾವನೆಯಲ್ಲಿ ಪೂರ್ತಿ ತೆಗೆದು ಮೈದುನನ ಸಾಲಕ್ಕೆ ಸುರಿಯಬೇಡಿ. ಒಂದು ಕಂತು ಬೌನ್ಸ್ ಆಗಿರುವ ಮನೆಯಲ್ಲಿ ಕೈಯಲ್ಲಿ ಮೂರು ತಿಂಗಳ ಕಂತಿನಷ್ಟಾದರೂ ದುಡ್ಡು ಇರಲೇಬೇಕು.

ಅಂದ ಹಾಗೆ, ಯಜಮಾನರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್, ಅಂದರೆ ಅವರ ಜೀವಕ್ಕೇನಾದರೂ ಆದರೆ ಮನೆಯವರಿಗೆ ದುಡ್ಡು ಬರುವ ವಿಮೆ, ಇದೆಯಾ? ಇಲ್ಲದಿದ್ದರೆ ಮಾಡಿಸಿ. ಮಾಡಿಸುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಬೇಕು ಅಂತ ಕೇಳಿ. ಹಾಗೆ ಮಾಡಿದರೆ ಆ ದುಡ್ಡು ಹೆಂಡತಿ ಮಕ್ಕಳಿಗೇ ಸೇರುತ್ತೆ, ಅವರಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವ ಹಾಗಿಲ್ಲ.

ಮೊದಲ ಸಲ ಅವರು ಎದ್ದು ಹೋಗಬಹುದು. ಒಂದು ವಾರ ಬಿಟ್ಟು ಮತ್ತೆ ಕೇಳಿ. ಆದರೆ ಎಟಿಎಂ ಕಾರ್ಡ್ ಕಿತ್ತುಕೊಳ್ಳುವುದು, ಸಂಬಳ ಪೂರ್ತಿ ಕೊಡು ಅಂತ ಬೆದರಿಸುವುದು, ಕೈ ಮಾಡುವುದು ಶುರುವಾದರೆ ಅದು ಕೂತು ಮಾತಾಡಿ ಬಗೆಹರಿಯುವ ವಿಷಯ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹಣದ ವಿಷಯದಲ್ಲಿ ಹಿಂಸೆ ಕೊಡುವುದೂ ದೌರ್ಜನ್ಯವೇ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ, ಆದರೂ ಗೊತ್ತಿರಲಿ.

ಬೌನ್ಸ್ ಆದ ಆ ಒಂದು ಕಂತಿಗೆ ಮಾತ್ರ ಭಾನುವಾರದವರೆಗೆ ಕಾಯಬೇಡಿ. ಮಾತು ಬಿಟ್ಟಿದ್ದರೂ ಪರವಾಗಿಲ್ಲ, ಒಂದು ಮೆಸೇಜ್ ಹಾಕಿ ಇವತ್ತೇ ಕಟ್ಟಿಸಿ. ಬಾಕಿ 90 ದಿನ ದಾಟಿದರೆ ಬ್ಯಾಂಕ್ ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತೆ, ಆಮೇಲೆ ಮಗಳ ಓದಿಗೆ ಸಾಲ ಕೇಳಲು ಹೋದಾಗಲೂ ಇದೇ ಅಡ್ಡ ಬರಬಹುದು.