ಸುಣ್ಣದ ಅಡಿಯ ಕಾವಿ: ಬೆರೆತ ರಾಮನ್ ಗೆರೆಗಳನ್ನು ಬಿಡಿಸುವುದು ಹೇಗೆ?

ಅಂಕೋಲಾದ ಹಳೆಯ ಗೋಡೆಯಿಂದ ಉದುರಿದ ಕಾವಿ ಚಿತ್ತಾರದ (ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಮಾಡಿದ ಚಿತ್ರದ) ಚೂರು, ಮೇಲೆ ಯಾರೋ ಬಳಿದ ಬಿಳುಪು. ರಾಮನ್ ರೋಹಿತದಲ್ಲಿ, ಅಂದರೆ ಲೇಸರ್ ಬಿದ್ದು ಚದುರಿದ ಬೆಳಕಿನಿಂದ ವಸ್ತುವಿನ ಗುರುತು ಹಿಡಿಯುವ ಗೆರೆಗಳ ನಕ್ಷೆಯಲ್ಲಿ, ಎರಡೂ ಪದರಗಳ ಗೆರೆಗಳು ಕಲಸಿಕೊಂಡಿವೆ, ಬಿಡಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದ್ದೀರಿ.

ಸಾಫ್ಟ್‌ವೇರ್ ಆಮೇಲೆ. ಮೊದಲು ಪದರಗಳ ಪಾಲು ಬೇರೆ ಬೇರೆ ಇರುವ ಎರಡು ರೋಹಿತಗಳಾದರೂ ಬೇಕು. ಲೇಸರ್ ಬಿದ್ದಲ್ಲಿಂದಲೇ ಬೆಳಕು ಹಿಡಿದರೆ ಮೇಲ್ಪದರದ್ದೇ ಗದ್ದಲ. ಸ್ವಲ್ಪ ಪಕ್ಕದಿಂದ ಹಿಡಿದರೆ ಒಳಗಿಳಿದು ಚದುರಿ ಬಂದ ಬೆಳಕಿನ ಪಾಲು ಏರುತ್ತದೆ. ಬ್ರಿಟನ್ನಿನ ರುದರ್‌ಫರ್ಡ್ ಆ್ಯಪಲ್‌ಟನ್ ಪ್ರಯೋಗಾಲಯದ ಪಾವೆಲ್ ಮಾಟೋಸೆಕ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವಿಧಾನವಿದು. ನಿಮ್ಮ ಬಿಳುಪಿನಂಥ ತೆಳು ಪದರಕ್ಕೆ ಸೂಕ್ಷ್ಮದರ್ಶಕ ಸಾಕು: ಫೋಕಸ್‌ನಲ್ಲಿ ಒಂದು ರೋಹಿತ, ಚೂರನ್ನು ಮಸೂರದಿಂದ ಕೆಳಗಿಳಿಸಿ ಇನ್ನೊಂದು.

ಮುಂದಿನದು ಕಳೆಯುವ ಲೆಕ್ಕ. ನಾನು ಜಾರಿದ್ದು ಅಲ್ಲಿಯೇ. ಕುಮಟಾ ಕಡೆಯ ಒಂದು ಚೂರಿನಲ್ಲಿ, ಪ್ರತಿ ಸೆಂಟಿಮೀಟರಿಗೆ (ಗೆರೆಗಳ ಜಾಗ ಹೇಳುವ ಮಾನವಿದು) 1086ರಲ್ಲಿರುವ ಕ್ಯಾಲ್ಸೈಟ್ (ಗಟ್ಟಿಯಾದ ಸುಣ್ಣದ ಖನಿಜ) ಗೆರೆ ಮಾಯವಾಗುವವರೆಗೆ ಮೊದಲ ರೋಹಿತವನ್ನು ಎರಡನೆಯದರಿಂದ ಕಳೆದೆ. ಕಾವಿಯ ಕೆಂಪಿಗೆ ಕಾರಣವಾದ ಕಬ್ಬಿಣದ ಖನಿಜ ಹೆಮಟೈಟಿನ 225, 292, 411 ನಿಚ್ಚಳವಾಗಿ ಉಳಿದವು. ಕೆಂಪು ಪದರದಲ್ಲಿ ಸುಣ್ಣವೇ ಇಲ್ಲ ಎಂದು ಎರಡು ದಿನ ಹಿಗ್ಗಿದೆ! ಆದರೆ ಕಾವಿ ಬಳಿಯುವುದೇ ಹಸಿ ಸುಣ್ಣದ ಗಾರೆಯ ಮೇಲೆ. ಮೇಲಿನ ಸುಣ್ಣ, ಕೆಳಗಿನ ಗಾರೆ ಎರಡರದ್ದೂ ಅದೇ ಗೆರೆ. ಅದನ್ನು ಸೊನ್ನೆ ಮಾಡಿ ಇರುವ ಸುಣ್ಣವನ್ನು ನಾನೇ ಅಳಿಸಿಹಾಕಿದ್ದೆ.

ಆದ್ದರಿಂದ ಮೇಲ್ಪದರದಲ್ಲಿ ಮಾತ್ರ ಇರುವ ಗೆರೆಯನ್ನು ಹುಡುಕಿ. ಬಿಳುಪು ಅಂಗಡಿಯ ಡಿಸ್ಟೆಂಪರ್ ಆಗಿದ್ದರೆ ಅದರ ಬಿಳಿ ಬಣ್ಣದ ಪುಡಿಯಾದ ರೂಟೈಲಿನ 447 ಸಿಗಬಹುದು. ಅದು ಸೊನ್ನೆಯಾಗುವಷ್ಟೇ ಕಳೆಯಿರಿ. ರೂಟೈಲಿನ 610ರ ಸುತ್ತಲಿನ ಗೆರೆ ಹೆಮಟೈಟಿನದ್ದರ ಮೇಲೆಯೇ ಕೂರುತ್ತದೆ, ಅದನ್ನು ನಂಬಬೇಡಿ. ಸರಿಯಾಗಿ ಬೇಯದ ಬೆಳಚಿನ ಚಿಪ್ಪಿನ ಚೂರು ಗಾರೆಯಲ್ಲಿ ಉಳಿದಿದ್ದರೆ ಚಿಪ್ಪಿನ ಖನಿಜ ಅರಗೊನೈಟಿನ 206 ಗಾರೆಯ ಗುರುತಾಗಿ ಕಾಣಬಹುದು, ಆದರೆ ನಮ್ಮ ಕರಾವಳಿಯಲ್ಲಿ ಮೇಲೆ ಬಳಿದದ್ದೂ ಚಿಪ್ಪಿನ ಸುಣ್ಣವೇ ಆಗಿರಬಹುದಲ್ಲ.

ಮೇಲೆಯೂ ಬರೀ ಸುಣ್ಣವಾಗಿದ್ದರೆ ಕಳೆಯುವ ಗೋಜಿಗೆ ಹೋಗಬೇಡಿ. ಚೂರು ಹೇಗೂ ಉದುರಿದೆ. ರಾಳದಲ್ಲಿ ಕೂರಿಸಿ, ಅಂಚು ಉಜ್ಜಿ, ಪದರಗಳನ್ನು ಅಡ್ಡಲಾಗಿ ಬಿಂದು ಬಿಂದುವಾಗಿ ಅಳೆಯಿರಿ.

ಲೇಸರ್ ಶಕ್ತಿಯನ್ನು ಮಾತ್ರ ಒಂದು ಮಿಲಿವ್ಯಾಟಿನ ಆಸುಪಾಸಿಗೆ ಇಳಿಸಿ. ಕೆಮ್ಮಣ್ಣಿನಲ್ಲಿರುವ ಗೋಥೈಟ್ ಎಂಬ ಕಬ್ಬಿಣದ ಖನಿಜ ಬಿಸಿಗೆ ಹೆಮಟೈಟ್ ಆಗಿಬಿಡುತ್ತದೆ. 385ರ ಬಳಿ ಮೊದಲ ಸಲ ಕಂಡ ಗೋಥೈಟಿನ ಗೆರೆ ಎರಡನೆಯ ಸಲ ಅದೇ ಜಾಗದಲ್ಲಿ ಕಾಣದಿದ್ದರೆ, ಮಾದರಿಯನ್ನು ಸುಟ್ಟಿದ್ದೀರಿ ಎಂದೇ ತಿಳಿಯಿರಿ.