ಅಂಗ್ಕೋರ್‌ನಲ್ಲಿ ಉಳಿದ ಕೊನೆಯ ಮೂರು ದಿನ

"ನಮ್ಮ ಆರ್ಕಿಟೆಕ್ಚರ್ ಕಾಲೇಜಿನಿಂದ ಕಾಂಬೋಡಿಯಕ್ಕೆ ಹನ್ನೊಂದು ದಿನಗಳ ಅಧ್ಯಯನ ಪ್ರವಾಸವಿದೆ. ಕೊನೆಯ ಮೂರು ದಿನಗಳನ್ನು ನಮ್ಮ ಇಷ್ಟಕ್ಕೆ ಬಿಟ್ಟಿದ್ದಾರೆ. ನೋಡದೆ ಉಳಿದ ದೇವಾಲಯಗಳನ್ನು ಮುಗಿಸಬೇಕೇ, ಫ್ನಾಮ್ ಪೆನ್‌ಗೆ ಹೋಗಿಬರಬೇಕೇ, ಅಥವಾ ಸುಮ್ಮನೆ ಊರು ಸುತ್ತಬೇಕೇ?" ಎಂದು ಕೇಳಿದ್ದೀರಿ.

ಆ ಮೂರು ದಿನ ಹೊಸ ಜಾಗಕ್ಕೆ ಹೋಗಬೇಡಿ. ಮೊದಲ ವಾರದಲ್ಲಿ ಅವಸರದಲ್ಲಿ ನೋಡಿದ ಒಂದೆರಡು ಕಟ್ಟಡಗಳಿಗೆ ಮತ್ತೆ ಹೋಗಿ, ನೆಲದ ಮೇಲೆ ಕುಳಿತು, ಪೆನ್ಸಿಲ್ ಹಿಡಿದು ಬರೆಯಿರಿ. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನಗೆ ಕಾರಣವಿದೆ.

ನಾವು ಹೋದದ್ದು 2019ರ ಜನವರಿಯಲ್ಲಿ. ನಾಲ್ಕನೇ ವರ್ಷದ 26 ಮಂದಿ, ಜೊತೆಗೆ ಇಬ್ಬರು ಅಧ್ಯಾಪಕರು. ಮೊದಲು ರಾಜಧಾನಿ ಫ್ನಾಮ್ ಪೆನ್, ಆಮೇಲೆ ಅಂಗ್ಕೋರ್‌ನ ಹಳೆಯ ಖ್ಮೇರ್ ದೇವಾಲಯಗಳ ಪಕ್ಕದ ಊರು ಸಿಯೆಮ್ ರೀಪ್. ಅಲ್ಲಿ ನಾಲ್ಕು ದಿನಗಳಲ್ಲಿ ಹದಿನಾಲ್ಕು ದೇವಾಲಯಗಳನ್ನು ನೋಡಿದೆವು. ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ಯಾವ ಗೋಪುರ ಯಾವ ದೇವಾಲಯದ್ದು ಎಂದು ಫೋನಿನಲ್ಲಿದ್ದ ಚಿತ್ರ ನೋಡಿ ಹೇಳುವ ಶಕ್ತಿ ನಮ್ಮಲ್ಲಿ ಅರ್ಧದಷ್ಟು ಜನರಿಗೆ ಇರಲಿಲ್ಲ. ಊಟದ ವಿಷಯಕ್ಕೂ ಕೋಣೆಯ ವಿಷಯಕ್ಕೂ ಜಗಳಗಳು ಶುರುವಾಗಿದ್ದವು. ಪ್ರವಾಸದ ಎಂಟನೆಯ ದಿನದ ಹೊತ್ತಿಗೆ ಯಾವ ಗುಂಪಿನಲ್ಲಾದರೂ ಹೀಗಾಗುತ್ತದೆ, ಅದನ್ನು ದೊಡ್ಡದು ಮಾಡಿಕೊಳ್ಳಬೇಡಿ.

ಆ ಎಂಟನೆಯ ದಿನ ರಾತ್ರಿ ನನ್ನ ಚೀಲದೊಳಗೆ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿ, ಅಳತೆಯ ಪುಸ್ತಕ ಪೂರ್ತಿ ನೆನೆದುಹೋಯಿತು. ಟೇಪು ಹಿಡಿದು ಅಳೆಯುವುದು ಬೇಡ, ಹೆಜ್ಜೆ ಮತ್ತು ಗೇಣು ಸಾಕು ಎಂದು ಮೇಡಂ ಮೊದಲೇ ಹೇಳಿದ್ದರು. ಹಾಗೆ ಅಳೆದದ್ದನ್ನೆಲ್ಲ ನಾನು ಅಂದವಾಗಿ ಕಾಣಲೆಂದು ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಪುಟ ಬಿಡಿಸಿದಾಗ ಪೆನ್ಸಿಲ್‌ನಲ್ಲಿ ಎಳೆದ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವೂ ಇದ್ದವು. ಅಂಕಿಗಳು ಮಾತ್ರ ನೀಲಿ ಮೋಡವಾಗಿ ಹರಡಿಕೊಂಡಿದ್ದವು. ನಾನು ವಸತಿಗೃಹದ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಮೇಡಂ ಪುಸ್ತಕವನ್ನು ತಿರುವಿ ನೋಡಿ, "ನಾಳೆ ಬೆಳಿಗ್ಗೆ ಬಾಫುವೊನ್‌ಗೆ ಹೋಗೋಣ. ಬೇಕಾದವರು ಬನ್ನಿ" ಎಂದರು.

ಬಾಫುವೊನ್ ಅನ್ನು ನಾವು ಆಗಲೇ ನಲವತ್ತು ನಿಮಿಷದಲ್ಲಿ ನೋಡಿ ಮುಗಿಸಿದ್ದೆವು. ಹನ್ನೊಂದನೆಯ ಶತಮಾನದ ಶಿವಾಲಯ, ಎರಡನೆಯ ಉದಯಾದಿತ್ಯವರ್ಮನ ಕಾಲದ್ದು, ಬೆಟ್ಟದಂತೆ ಹಂತಹಂತವಾಗಿ ಏರಿದ ಕಟ್ಟಡ. ನನ್ನ ಪುಸ್ತಕದಲ್ಲಿ ಇದ್ದದ್ದು ಇಷ್ಟೇ. ಎರಡನೆಯ ಸಲ ಹೋದವರು ಒಂಬತ್ತು ಮಂದಿ. ಕಂಬಗಳ ಮೇಲೆ ನಿಂತ ಉದ್ದನೆಯ ಕಲ್ಲುಹಾದಿಯ ಅಂಚಿನಲ್ಲಿ ಕೂರಿಸಿ ಮೇಡಂ ಕತೆ ಹೇಳಿದರು.

ಈ ದೇವಾಲಯದ ಒಡಲಲ್ಲಿ ಮರಳು ತುಂಬಿದೆ. ಮಳೆನೀರು ಇಳಿದಂತೆಲ್ಲ ಆ ಮರಳು ಗೋಡೆಗಳನ್ನು ಹೊರಕ್ಕೆ ತಳ್ಳಿ ಕಟ್ಟಡ ಕುಸಿಯುತ್ತಿತ್ತು. ಹಾಗಾಗಿ 1960ರ ದಶಕದಲ್ಲಿ ಫ್ರೆಂಚ್ ತಜ್ಞರು ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ, ಒಳಗೆ ಕಾಂಕ್ರೀಟ್ ಆಸರೆ ಕೊಟ್ಟು, ಮತ್ತೆ ಜೋಡಿಸಲು ಹೊರಟರು. ಬಿಚ್ಚಿದ ಸುಮಾರು 3 ಲಕ್ಷ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಸಾಲಾಗಿ ಹರಡಿದರು. ಯಾವುದು ಎಲ್ಲಿಯದು ಎನ್ನುವುದು ದಾಖಲೆಯಲ್ಲಿತ್ತು. ಅಷ್ಟರಲ್ಲಿ ಅಂತರ್ಯುದ್ಧ ಬಂತು, ಕೆಲಸ ನಿಂತಿತು. 1975ರಲ್ಲಿ ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಬಣ ಅಧಿಕಾರ ಹಿಡಿದಾಗ ಫ್ನಾಮ್ ಪೆನ್‌ನಲ್ಲಿದ್ದ ಆ ದಾಖಲೆಗಳು ನಾಶವಾದವು. ಕಾಡಿನಲ್ಲಿ ಕಲ್ಲುಗಳು ಉಳಿದವು, ಅವುಗಳ ವಿಳಾಸ ಉಳಿಯಲಿಲ್ಲ.

1995ರಲ್ಲಿ ಕೆಲಸ ಮತ್ತೆ ಶುರುವಾಯಿತು. ಇಲ್ಲಿ ಗಾರೆ ಬಳಸಿಲ್ಲ, ಪ್ರತಿ ಕಲ್ಲನ್ನೂ ಪಕ್ಕದ ಕಲ್ಲಿಗೆ ಹೊಂದುವಂತೆ ಉಜ್ಜಿ ಕೂರಿಸಿದ್ದಾರೆ. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪ್ಯಾರಿಸ್‌ನಲ್ಲಿ ಉಳಿದಿದ್ದ ಹಳೆಯ ಛಾಯಾಚಿತ್ರಗಳು, ಅರವತ್ತರ ದಶಕದಲ್ಲಿ ಅಲ್ಲಿ ದುಡಿದು ಬದುಕುಳಿದ ಕೆಲಸಗಾರರ ನೆನಪು, ಕಲ್ಲುಗಳನ್ನು ಒಂದೊಂದಾಗಿ ಅಳೆದು ಬರೆದ ಹೊಸ ನಕ್ಷೆಗಳು, ಇವುಗಳ ಆಧಾರದ ಮೇಲೆ ಮತ್ತೆ ಕಟ್ಟಿದರು. ಕೆಲಸ ಮುಗಿದದ್ದು 2011ರಲ್ಲಿ.

ಕತೆ ಮುಗಿಸಿ ಮೇಡಂ ನನ್ನ ಕೈಗೆ ಒಂದು ಹೊಸ ಪುಸ್ತಕ ಮತ್ತು ಎರಡು ಪೆನ್ಸಿಲ್ ಕೊಟ್ಟರು. ನನ್ನ ಪುಸ್ತಕದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಆ ದಿನ ಪಶ್ಚಿಮದ ಕಡೆಗೆ ಬಂದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಬದಿಯ ಗೋಡೆಯ ಉದ್ದಕ್ಕೂ, ಸುಮಾರು 70 ಮೀಟರ್, ಮಲಗಿದ ಬುದ್ಧನಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಇದೇ ದೇವಾಲಯದ ಕಲ್ಲುಗಳನ್ನು ತೆಗೆದು ಮಾಡಿದ್ದು. ಮೊದಲ ಸಲ ಬಂದಾಗ ನಾವು 26 ಜನ ಸರಿಯಾಗಿ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡಿದ್ದೆವು. ನಮ್ಮ ಹಿಂದಿರುವುದು ಒಂದು ಮುಖ ಎಂದು ಯಾರಿಗೂ ಕಂಡಿರಲಿಲ್ಲ. ಈ ಸಲ ಹತ್ತು ನಿಮಿಷ ಸುಮ್ಮನೆ ಕುಳಿತ ಮೇಲೆ ಮೊದಲು ಮೂಗು, ಆಮೇಲೆ ರೆಪ್ಪೆ, ಆಮೇಲೆ ತುಟಿ ಗೋಡೆಯಿಂದ ಎದ್ದು ಬಂದವು. ನನ್ನ ಪಕ್ಕದಲ್ಲಿದ್ದ ಗೆಳತಿ "ಅಯ್ಯೋ ದೇವರೇ" ಎಂದು ಎದ್ದು ನಿಂತಳು.

ಮರುದಿನ ನಾಲ್ವರು ಸೇರಿ ತಾ ಕೇವ್ ದೇವಾಲಯದ ಕಡೆಗೆ ಹೋದೆವು. ಅಲ್ಲಿ ರಸ್ತೆಯ ಪಕ್ಕದಲ್ಲೇ ಒಂದು ಪುಟ್ಟ ಕಲ್ಲಿನ ಗುಡಿಯಿದೆ. ನೀವು ಹೋದರೆ ದಯವಿಟ್ಟು ಅಲ್ಲಿ ಗಾಡಿ ನಿಲ್ಲಿಸಿ. ಅದು ಖ್ಮೇರ್ ದೊರೆ ಏಳನೆಯ ಜಯವರ್ಮನು ಕಟ್ಟಿಸಿದ ಆಸ್ಪತ್ರೆಯೊಂದರ ಗುಡಿ. ಅವನದೇ ತಾ ಪ್ರೋಮ್ ದೇವಾಲಯದ 1186ರ ಶಾಸನದಲ್ಲಿ ರಾಜ್ಯದ 102 ಆಸ್ಪತ್ರೆಗಳ ಉಲ್ಲೇಖವಿದೆ. ಸಂಸ್ಕೃತದಲ್ಲಿರುವ ಈ ಶಾಸನಗಳಲ್ಲಿ ಆಸ್ಪತ್ರೆಗೆ ಇರುವ ಪದ "ಆರೋಗ್ಯಶಾಲಾ". ಪೂಜೆಗೊಳ್ಳುತ್ತಿದ್ದ ಬುದ್ಧನ ಹೆಸರು ಭೈಷಜ್ಯಗುರು. ಕನ್ನಡದವರಿಗೆ ಯಾವ ಅರ್ಥವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ರೋಗಿಗಳು ಮಲಗುತ್ತಿದ್ದ ಮನೆಗಳು ಮರದವು, ಅವು ಎಂದೋ ಮಣ್ಣಾದವು. ದೇವರಿಗೆ ಮಾತ್ರ ಕಲ್ಲು ಬಳಸುತ್ತಿದ್ದರು, ಹಾಗಾಗಿ ಗುಡಿ ಉಳಿದಿದೆ. ನನ್ನ ಅಮ್ಮ ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿ ಇಪ್ಪತ್ತು ವರ್ಷ ದುಡಿದವರು. ಅಲ್ಲಿಂದಲೇ ಅವರಿಗೆ ಫೋನ್ ಮಾಡಿ ಆ ಪದವನ್ನು ಹೇಳಿದೆ. "ಎಂಟುನೂರು ವರ್ಷದ ಹಿಂದೆಯೇ 102 ಇತ್ತಾ?" ಎಂದು ಎರಡು ಸಲ ಕೇಳಿದರು.

ಮಧ್ಯಾಹ್ನ ತಾ ಪ್ರೋಮ್‌ಗೆ ಹೋದರೂ ಬೇರುಗಳು ಗೋಡೆಯನ್ನು ಅಪ್ಪಿರುವ ಆ ಪ್ರಸಿದ್ಧ ಮೂಲೆಗಳಿಗೆ ಹೋಗಲಿಲ್ಲ, ಹೊರಗಿನ ಆವರಣದ ಗೋಡೆಯ ಬಳಿಯೇ ಉಳಿದೆವು. ಅದು ಕೆಂಪು ಮುರಕಲ್ಲಿನದು. ನಾನು ಪುತ್ತೂರಿನ ಕಡೆಯವಳು. ನಮ್ಮ ಮನೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲವೂ ಅದೇ ಕಲ್ಲು. ಕೋರೆಯಿಂದ ಎತ್ತುವಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಅದರ ಸ್ವಭಾವ, ಮಳೆಗಾಲ ಕಳೆದ ಮೇಲೆ ಅದರ ಮೇಲೆ ಕೂರುವ ಕಪ್ಪು ಪಾಚಿ, ಅಂಗೈಗೆ ಒರಟಾಗಿ ಸಿಗುವ ತೂತುಗಳು, ಎಲ್ಲವೂ ನನಗೆ ಗೊತ್ತು. ಮೊದಲ ದಿನ ಅದೇ ಗೋಡೆಯ ಬಾಗಿಲಿನಿಂದ ಒಳಗೆ ಓಡಿದ್ದೆ, ಕೈ ಇಟ್ಟು ನೋಡಿರಲಿಲ್ಲ. ಖ್ಮೇರ್ ಭಾಷೆಯಲ್ಲಿ ಅದಕ್ಕೆ ಬಾಯ್ ಕ್ರಿಯೆಮ್ ಎನ್ನುತ್ತಾರೆ, ಒಣಗಿಸಿದ ಅನ್ನ ಎಂದು ಅರ್ಥ. ಆ ತೂತುಗಳನ್ನು ನೋಡಿದವರಿಗೆ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಗೇಣು ಹಾಕುತ್ತಾ ಒಂದು ಸಾಲು ಪೂರ್ತಿ ಬರೆದೆ. ನನ್ನ ಪದವಿಯ ಕೊನೆಯ ಯೋಜನೆ ಮುರಕಲ್ಲಿನ ಮೇಲೆಯೇ ಆಯಿತು, ಈಗಲೂ ನನ್ನ ಕೆಲಸ ಹೆಚ್ಚಾಗಿ ಅದರದ್ದೇ. ಹದಿನೈದನೆಯ ದೇವಾಲಯವನ್ನು ಹುಡುಕಿಕೊಂಡು ಹೋಗಿದ್ದರೆ ಇದು ನಡೆಯುತ್ತಿರಲಿಲ್ಲ.

ಹೊರಗೆ ನಮ್ಮ ಟುಕ್‌ಟುಕ್ ಚಾಲಕರ ಮಗಳು ಶಾಲೆಯ ಪುಸ್ತಕ ಹಿಡಿದು ಕುಳಿತಿದ್ದಳು. ಅವಳ ವರ್ಣಮಾಲೆಯೂ ಕ, ಖ, ಗ, ಘ, ಙ ಎಂಬ ನಮ್ಮದೇ ಸಾಲಿನಲ್ಲಿ ಬರುತ್ತದೆ. ಅವರ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದು. ಉಚ್ಚಾರ ಮಾತ್ರ ಬೇರೆ. ನಾನು ನಮ್ಮ ರೀತಿಯಲ್ಲಿ ಓದಿ ಹೇಳಿದಾಗ ಆ ಮಗು ನನ್ನನ್ನು ತಿದ್ದಿತು.

ಈಗ ನೀವು ಕೇಳಿದ ಉಳಿದ ವಿಷಯಗಳು. ಫ್ನಾಮ್ ಪೆನ್‌ಗೆ ಖಂಡಿತ ಹೋಗಿ, ಆದರೆ ಮೊದಲೇ ಹೋಗಿ. ಅದು ಸಿಯೆಮ್ ರೀಪ್‌ನಿಂದ 300 ಕಿಲೋಮೀಟರ್‌ಗೂ ಹೆಚ್ಚು ದೂರ, ಬಸ್ಸಿನಲ್ಲಿ ಆರು ತಾಸು. ಅಲ್ಲಿಯ ತುವೋಲ್ ಸ್ಲೆಂಗ್, ಖ್ಮೇರ್ ರೂಜ್ ಕಾಲದಲ್ಲಿ ಸೆರೆಮನೆಯಾಗಿದ್ದ ಶಾಲೆ. ಅದನ್ನು ಕೊನೆಯ ದಿನ ಸಾಮಾನು ಖರೀದಿ ಮತ್ತು ವಿಮಾನದ ನಡುವೆ ತುರುಕುವುದು ನನಗೆ ಸರಿ ಕಾಣುವುದಿಲ್ಲ. 1975ರಿಂದ 1979ರವರೆಗೆ ಆ ದೇಶದ ಮೇಲೆ ಏನಾಯಿತು ಎಂದು ತಿಳಿದ ಮೇಲೆ ಅಂಗ್ಕೋರ್‌ನ ಪ್ರತಿಯೊಬ್ಬ ಹಿರಿಯ ಕೆಲಸಗಾರನನ್ನೂ ನೀವು ಬೇರೆ ಕಣ್ಣಿನಿಂದ ನೋಡುತ್ತೀರಿ.

ಅಂಗ್ಕೋರ್ ಪ್ರವೇಶದ ಟಿಕೆಟ್ ವಿಷಯದಲ್ಲಿ ಜಿಪುಣತನ ಬೇಡ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಏಳು ದಿನದ ಟಿಕೆಟನ್ನು ಒಂದು ತಿಂಗಳೊಳಗೆ ಯಾವ ಏಳು ದಿನವಾದರೂ ಬಳಸಬಹುದು. ನಮ್ಮಲ್ಲೂ ಹತ್ತು ಡಾಲರ್ ಉಳಿಸುವ ವಾದ ನಡೆದಿತ್ತು. ಮೇಡಂ ಒಪ್ಪದೇ ಇದ್ದುದರಿಂದ ಕೊನೆಗೆ ಮೂರು ದಿನ ನಮ್ಮ ಕೈಯಲ್ಲಿ ಉಳಿದವು. ವಿಮಾನ ನಿಲ್ದಾಣವೂ 2023ರ ಅಕ್ಟೋಬರ್‌ನಿಂದ ಊರಿನಿಂದ 40ಕ್ಕೂ ಹೆಚ್ಚು ಕಿಲೋಮೀಟರ್ ಆಚೆಗೆ ಹೋಗಿದೆ. ಕೊನೆಯ ಬೆಳಗಿನ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಿ.

ನಮ್ಮ ಕೊನೆಯ ಬೆಳಿಗ್ಗೆ ಬಸ್ ಹತ್ತೂವರೆಗೆ ಹೊರಡುವುದಿತ್ತು. ಏಳೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ನಾನೂ ಗೆಳತಿಯೂ ಬಾಫುವೊನ್‌ನ ಕಲ್ಲುಹಾದಿಯ ತುದಿಯಲ್ಲಿದ್ದೆವು. ಹಿಂದಿನ ರಾತ್ರಿ ಎಲ್ಲರ ಪುಸ್ತಕಗಳನ್ನೂ ನೆಲದ ಮೇಲೆ ಹರಡಿ ಹೋಲಿಸಿದಾಗ ಆ ಹಾದಿಯ ಉದ್ದ ಮೂವರ ಪುಸ್ತಕದಲ್ಲಿ ಮೂರು ರೀತಿ ಇತ್ತು. ಅವಳು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಹೆಜ್ಜೆ ಎಣಿಸಿದೆವು. ನಾಲ್ಕು ಹೆಜ್ಜೆ ವ್ಯತ್ಯಾಸ ಬಂತು. ಇಬ್ಬರೂ ಜೊತೆಯಾಗಿ, ಜೋರಾಗಿ ಎಣಿಸುತ್ತಾ ಮತ್ತೊಮ್ಮೆ ನಡೆದೆವು. ಗುಡಿಸುತ್ತಿದ್ದ ಒಬ್ಬ ಹೆಂಗಸು ಪೊರಕೆ ನಿಲ್ಲಿಸಿ ನಮಗೆ ದಾರಿ ಬಿಟ್ಟರು. ಈ ಸಲ ಲೆಕ್ಕ ಒಂದೇ ಬಂತು. ಪೆನ್ಸಿಲ್‌ನಲ್ಲಿ ಬರೆದು, ಕೆಳಗೆ ಇಬ್ಬರ ಹೆಸರನ್ನೂ ಹಾಕಿ, ಬಸ್ಸಿಗೆ ಓಡಿದೆವು.