ಟಾಸ್ಕ್ ಮ್ಯಾನೇಜರ್ ತುಂಬ ‘ಎಸ್‌ವಿಸಿಹೋಸ್ಟ್’ ಸಾಲು: ಎಲ್ಲ ಬಂದ್ ಮಾಡಲಾ?

ಮನೆ ಕಂಪ್ಯೂಟರ್ ನಿಧಾನವಾಗಿದೆ, ಏನೇನು ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಎಸ್‌ವಿಸಿಹೋಸ್ಟ್’ (svchost.exe) ಅಂತ ಐವತ್ತು ಸಾಲು ಕಾಣುತ್ತಿವೆ, ಕದ್ದು ಮಾಹಿತಿ ತೆಗೆಯುವ ಸ್ಪೈವೇರ್ ಇರಬಹುದಾ, ಎಲ್ಲ ಬಂದ್ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ವಿಂಡೋಸ್ ತನ್ನ ಸರ್ವಿಸ್‌ಗಳನ್ನು, ಅಂದರೆ ಹಿಂದೆ ಸದ್ದಿಲ್ಲದೆ ನಡೆಯುವ ಕೆಲಸಗಳನ್ನು, ನಡೆಸುವುದೇ ಆ ಹೆಸರಿನಲ್ಲಿ. ರ್‍ಯಾಮ್ 3.5 ಜಿಬಿಗಿಂತ ಜಾಸ್ತಿ ಇದ್ದರೆ, 2017ರ ಅಪ್‌ಡೇಟ್‌ನಿಂದೀಚೆಗೆ ಹೆಚ್ಚಿನ ಸರ್ವಿಸ್‌ಗಳಿಗೆ ಬೇರೆ ಬೇರೆ ಸಾಲೇ ಬರುತ್ತದೆ. ಎಷ್ಟು ಸಾಲು ಅಂತ ಎಣಿಸಬೇಡಿ, ಎಲ್ಲಿಂದ ಓಡುತ್ತಿವೆ ಅಂತ ನೋಡಿ.

ಬಾಗಲಕೋಟೆ ನವನಗರದಲ್ಲಿ ನಮ್ಮ ಅಣ್ಣನ ಮನೆ. ವೈನಿ (ಅತ್ತಿಗೆ) ಇಳಕಲ್ ಸೀರೆ ಮಾರುತ್ತಾರೆ. ಗಿರಾಕಿಗಳ ಉದ್ರಿ ಲೆಕ್ಕ, ಬ್ಯಾಂಕ್ ಕೆಲಸ ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿ. ಯಾರೂ ಮುಟ್ಟದಿದ್ದರೂ ಅದರ ಫ್ಯಾನ್ ಗುಂಯ್ ಅನ್ನುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ನಲ್ಲಿ ಒಂದೊಂದು ಸಾಲಿಗೂ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತುತ್ತ ಹೋದೆ. ಎಲ್ಲವೂ ವಿಂಡೋಸ್ ಒಳಗಿನ ‘ಸಿಸ್ಟಮ್32’ ಫೋಲ್ಡರ್ ತೆರೆದವು. ಒಂದು ಮಾತ್ರ ವೈನಿ ಹೆಸರಿನ ಫೋಲ್ಡರ್‌ನಲ್ಲಿರುವ ‘ಆ್ಯಪ್‌ಡೇಟಾ’ಕ್ಕೆ ಹೋಯಿತು. ಹೆಸರು ಅದೇ, ಜಾಗ ಬೇರೆ. ಪುಕ್ಕಟೆ ಸಿಕ್ಕಿತು ಅಂತ ಹಾಕಿಕೊಂಡ, ಲೈಸೆನ್ಸ್ ಮುರಿದ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಒಳಗೆ ಬಂದಿತ್ತು.

ಮೊದಲು ನೆಟ್ ತೆಗೆದೆ. ಆಮೇಲೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ಹಾಕಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುವುದರಿಂದ ಬಚ್ಚಿಟ್ಟುಕೊಂಡದ್ದೂ ಸಿಗುತ್ತದೆ. ಅಷ್ಟರಲ್ಲಿ ವೈನಿ ಮೊಬೈಲ್‌ನಿಂದ ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್ ಬದಲಿಸಿದರು. ಇದನ್ನು ಮಾತ್ರ ಬಿಡಬೇಡಿ. ಸ್ಪೈವೇರ್ ಅಳಿಸಿದರೂ ಅದು ಆಗಲೇ ಕದ್ದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ.

ಇನ್ನು ನಿಧಾನದ ವಿಷಯ. ಬಹಳ ಸಲ ಕಾರಣ ಸರ್ವಿಸ್ ಅಲ್ಲ, ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಪಟ್ಟಿ, ಅಂದರೆ ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವ ಸಾಫ್ಟ್‌ವೇರ್‌ಗಳು. ಬೇಡದ್ದನ್ನು ಅಲ್ಲಿ ಡಿಸೇಬಲ್ ಮಾಡಿ. ಸರ್ವಿಸ್ ಮುಟ್ಟಲೇಬೇಕು ಅಂದರೆ ಒಂದು ದಿನಕ್ಕೆ ಒಂದೇ, ಅದೂ ನೀವೇ ಹಾಕಿಕೊಂಡ ಸಾಫ್ಟ್‌ವೇರ್‌ನದು. ಮೊದಲು ಹೇಗಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆದು, ‘ಆಟೋಮ್ಯಾಟಿಕ್’ ಇದ್ದದ್ದನ್ನು ‘ಮ್ಯಾನುಯಲ್’ಗೆ ಇಡಿ. ನಾನು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿದ್ದಕ್ಕೆ ವೈನಿಗೆ ಒಂದು ಬಿಲ್ಲೂ ಪ್ರಿಂಟ್ ಆಗಲಿಲ್ಲ. ನೋಟ್‌ಬುಕ್ ಇತ್ತು, ಎರಡು ನಿಮಿಷದಲ್ಲಿ ಸರಿಮಾಡಿದೆ. ಡಿಫೆಂಡರ್, ವಿಂಡೋಸ್ ಅಪ್‌ಡೇಟ್ ಮಾತ್ರ ಯಾವತ್ತೂ ನಿಲ್ಲಿಸಬೇಡಿ.

ದಿನದ ಕೆಲಸಕ್ಕೆ ಅಡ್ಮಿನ್ (ಎಲ್ಲ ಬದಲಿಸುವ ಅಧಿಕಾರವಿರುವವರು) ಅಲ್ಲದ ‘ಸ್ಟ್ಯಾಂಡರ್ಡ್’ ಅಕೌಂಟ್ ಮಾಡಿಕೊಳ್ಳಿ. ಹೊಸ ಸರ್ವಿಸ್ ಸೇರಿಸಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ, ಕದ್ದು ಒಳಗೆ ಬರುವುದು ಕಷ್ಟ. ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅದನ್ನೂ ನೋಡಿಕೊಳ್ಳಿ.

‘ಸಿಸ್ಟಮ್32’ ಬಿಟ್ಟು ಬೇರೆ ಜಾಗ ತೋರಿಸಿದರೆ ಪೂರ್ತಿ ಪಾತ್ (ಫೋಲ್ಡರ್‌ನ ವಿಳಾಸ) ಬರೆಯಿರಿ, ನೋಡಿ ಹೇಳುತ್ತೇನೆ.